ಕಾಂಕ್ರೀಟಿಗೂ ಒಂದು ಗೀರು ಬೇಕು

ಹಲಸಿನ ಬೀಜವನ್ನು ಕೆಂಡಕ್ಕೆ ಹಾಕುವ ಮುಂಚೆ ಚಾಕುವಿನಿಂದ ಒಂದು ಗೀರು ಹಾಕುತ್ತಾರೆ. ಮರೆತರೆ ಠಪ್ ಅಂತ ಸಿಡಿದು, ಬೂದಿಯೆಲ್ಲ ಮುಖಕ್ಕೆ. ಒಳಗಿನ ನೀರು ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಮಾಡುವ ಗಲಾಟೆ ಅದು. ಒಳ್ಳೆಯ ಕಾಂಕ್ರೀಟು ಕೂಡ ಬೆಂಕಿಯಲ್ಲಿ ಹೀಗೇ ಸಿಡಿಯಬಹುದು. 'ಒಳ್ಳೆಯ' ಅಂತ ಬೇಕೆಂದೇ ಬರೆದೆ. ಮನೆಯ ತಾರಸಿಗೆ ಹಾಕುವ ಮಾಮೂಲಿ ಕಾಂಕ್ರೀಟಿಗೆ ಈ ಕಾಟ ಕಮ್ಮಿ.

1996ರ ನವೆಂಬರ್ 18ರ ರಾತ್ರಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸಮುದ್ರದ ತಳದಡಿ ಸಾಗುವ ಚಾನೆಲ್ ಟನಲ್‌ನಲ್ಲಿ, ಲಾರಿಗಳನ್ನು ಹೊತ್ತು ಹೊರಟಿದ್ದ ರೈಲಿಗೆ ಬೆಂಕಿ ಬಿತ್ತು. ರೈಲಿನಲ್ಲಿದ್ದವರೆಲ್ಲ ಬದುಕಿ ಬಂದರು. ಆದರೆ ಸುರಂಗದ ಒಳಗೋಡೆ ಪದರ ಪದರವಾಗಿ ಸಿಡಿದು ಉದುರಿತ್ತು. ಅರ್ಧ ಮೀಟರಿಗೆ ತುಸು ಕಮ್ಮಿ ದಪ್ಪವಿದ್ದ ಗೋಡೆ ಕೆಲವು ಕಡೆ ಕೆಲವೇ ಸೆಂಟಿಮೀಟರಿಗೆ ಇಳಿದಿತ್ತು. ಅದಕ್ಕೂ ಎರಡು ವರ್ಷ ಮುಂಚೆ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸುರಂಗ ಕೊರೆಯುವಾಗ ಬಿದ್ದ ಬೆಂಕಿಯಲ್ಲೂ ಇದೇ ಕಥೆ. ಎರಡೂ ಕಡೆ ಬಳಸಿದ್ದು ತುಂಬ ಗಟ್ಟಿಯಾದ ಕಾಂಕ್ರೀಟು.

ಅದರ ಗಟ್ಟಿತನ ಬರುವುದು ಸಂದುಗಳನ್ನು ಮುಚ್ಚುವುದರಿಂದ. ನೀರು ಕಮ್ಮಿ ಹಾಕುತ್ತಾರೆ. ಸಿಮೆಂಟಿನ ಕಣಕ್ಕಿಂತ ಸುಮಾರು ನೂರು ಪಟ್ಟು ಚಿಕ್ಕದಾದ ಸಿಲಿಕಾ ಫ್ಯೂಮ್ ಪುಡಿ ಬೆರೆಸುತ್ತಾರೆ. ಉಪ್ಪುನೀರು ಕೂಡ ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಸರಿ, ನೀರು ಒಳಗೆ ಬರಲಾಗದ ಕಡೆ ಆವಿ ಹೊರಗೆ ಹೋಗುವುದು ಹೇಗೆ?

ಹೋಗುವುದಿಲ್ಲ, ಅಲ್ಲೇ ಒತ್ತುತ್ತದೆ. ಮನೆಯ ಕುಕ್ಕರ್ ಒಳಗಿನ ಒತ್ತಡ ಹೊರಗಿನ ಗಾಳಿಯ ಸುಮಾರು ಎರಡರಷ್ಟು, ಅಷ್ಟೇ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಕ್ಕಿಬಿದ್ದ ಆವಿಯದು 15ರಷ್ಟು, 250ರಲ್ಲಿ 40ರಷ್ಟು. ಕಾಂಕ್ರೀಟು ಅದುಮಿದರೆ ಜಗ್ಗದು, ಎಳೆದರೆ ಬೇಗ ಬಿರಿಯುತ್ತದೆ. ಜೊತೆಗೆ ಬೆಂಕಿಯ ಕಡೆಯ ಮೈ ಕಾದು ಹಿಗ್ಗುತ್ತದೆ, ಹಿಂದಿನ ತಣ್ಣನೆಯ ಭಾಗ ಹಿಗ್ಗಲು ಬಿಡುವುದಿಲ್ಲ. ಆವಿಯ ಪಾಲೆಷ್ಟು, ಈ ಜಗ್ಗಾಟದ ಪಾಲೆಷ್ಟು ಅಂತ ತಜ್ಞರು ಇನ್ನೂ ವಾದ ಮಾಡುತ್ತಲೇ ಇದ್ದಾರೆ.

ಇನ್ನು ಸಿಡಿತ ತಡೆಯಲು ಕಾಂಕ್ರೀಟಿಗೆ ಬೆರೆಸುವ ಸಣ್ಣ ಎಳೆಗಳ ವಿಷಯ. ಉಕ್ಕಿನ ಎಳೆ ಬೆರೆಸಿದರೆ ಸಿಡಿಯುವುದು ನಿಲ್ಲುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿದ ಹಾಗೆ ಅದು ಬಿರುಕನ್ನು ಹಿಡಿದಿಡುತ್ತದೆ, ನಿಜ. ಆದರೆ ಆವಿಗೆ ದಾರಿ ಮಾಡಿಕೊಡುವುದಿಲ್ಲ. ಅದನ್ನೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಕೆಲಸಕ್ಕೆ ಬಂದದ್ದು ಪಾಲಿಪ್ರೊಪಿಲೀನ್ ಎಳೆ, ಅಂದರೆ ಪ್ಲಾಸ್ಟಿಕ್ ಹಗ್ಗ, ಚೀಲಗಳ ಪ್ಲಾಸ್ಟಿಕ್ಕು. ಕೂದಲಿಗಿಂತ ತೆಳು, ಒಂದು ಸೆಂಟಿಮೀಟರ್ ಆಸುಪಾಸಿನ ಉದ್ದ. ಕಾಂಕ್ರೀಟಿಗೆ ಇದರಿಂದ ಬಲವೇನೂ ಜಾಸ್ತಿ ಬರುವುದಿಲ್ಲ. ಸುಮಾರು 165 ಡಿಗ್ರಿಗೆ ಕರಗಿಹೋಗುತ್ತದೆ, ಅದೇ ಅದರ ಉಪಯೋಗ! ಆವಿಯ ಒತ್ತಡ ಮಿತಿ ಮೀರುವ ಹೊತ್ತಿಗೆ ಎಳೆ ಹಿಗ್ಗಿ, ಸುತ್ತ ಸಣ್ಣ ಬಿರುಕು ಮಾಡಿ, ಕರಗಿ ಜಾಗ ಬಿಟ್ಟಿರುತ್ತದೆ. ಸಂದಿಗೆ ಸಂದಿ ಕೂಡಿಕೊಂಡು ಆವಿ ಹೊರಗೆ ನುಸುಳುತ್ತದೆ. ಹಲಸಿನ ಬೀಜದ ಗೀರು ಇದೇ ತಾನೆ? ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2,400 ಕಿಲೋ ತೂಗುತ್ತದೆ. ಅದಕ್ಕೆ ಈ ಎಳೆ ಬೇಕಾಗುವುದು ಒಂದೆರಡು ಕಿಲೋ. ಸುಮ್ನೆ ಲೆಕ್ಕ ಹಾಕಿ ನೋಡಿದೆ: ಒಂದು ಕಿಲೋದಲ್ಲಿ ಹತ್ತಾರು ಕೋಟಿ ಎಳೆಗಳಿರುತ್ತವೆ. ತೀರಾ ಜಾಸ್ತಿ ಹಾಕಿದರೆ ಹಸಿ ಕಾಂಕ್ರೀಟು ಬಿಗಿದುಕೊಳ್ಳುತ್ತದೆ, ಸುರಿಯುವವರಿಗೆ ಗೋಳು.

ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕುವುದು ರೂಢಿಗೆ ಬಂತು. ಚಾನೆಲ್ ಟನಲ್‌ನಿಂದ ಲಂಡನ್ನಿಗೆ ಹೋಗುವ ವೇಗದ ರೈಲು ಮಾರ್ಗದ ಸುರಂಗಗಳ ಗೋಡೆಯಲ್ಲಿ ಉಕ್ಕಿನ ಎಳೆಯೂ ಇದೆ, ಪ್ಲಾಸ್ಟಿಕ್ ಎಳೆಯೂ ಇದೆ.

ಸಿಡಿಯಲಿಲ್ಲ ಅಂದಮಾತ್ರಕ್ಕೆ ಕಾಂಕ್ರೀಟು ಪೂರ್ತಿ ಪಾರಾಯಿತು ಅಂತಲ್ಲ. 400 ಡಿಗ್ರಿ ದಾಟಿದ ಮೇಲೆ ಒಳಗಿನ ಅರಳಿದ ಸುಣ್ಣ ನೀರು ಕಳೆದುಕೊಂಡು ಸುಟ್ಟ ಸುಣ್ಣವಾಗುತ್ತದೆ. 573ಕ್ಕೆ ಮರಳಿನ ಸ್ಫಟಿಕದ ರಚನೆಯೇ ಬದಲಾಗಿ ಹಿಗ್ಗುತ್ತದೆ. ಬೆಂಕಿ ಆರಿದ ಮೇಲೂ ಕಿರಿಕಿರಿ ತಪ್ಪದು. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಮತ್ತೆ ಅರಳುತ್ತದೆ, ಬಿರುಕು ಇನ್ನಷ್ಟು ಬಿಡುತ್ತದೆ.

ಪರೀಕ್ಷೆಗೆ ಬರುವ ಎಂಜಿನಿಯರುಗಳು ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳುತ್ತಾರೆ, ಆಮೇಲೆ ಕೊರೆದು ಬಣ್ಣ ನೋಡುತ್ತಾರೆ. ಜಲ್ಲಿ, ಮರಳಿನಲ್ಲಿ ಕಬ್ಬಿಣದ ಅಂಶವಿದ್ದರೆ 300 ಡಿಗ್ರಿ ಮುಟ್ಟಿದ ಕಾಂಕ್ರೀಟು ನಸುಗೆಂಪಾಗಿರುತ್ತದೆ. ಎಲ್ಲ ಜಲ್ಲಿಗೂ ಈ ಬಣ್ಣ ಬರುವುದಿಲ್ಲ. ಬಂದ ಕಡೆ ಕೆಲಸ ಸಲೀಸು: ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿಯವರೆಗೆ ಕೆತ್ತಿ ತೆಗೆದು, ಹೊಸದನ್ನು ಹಾಕುತ್ತಾರೆ.