ಕೊಳವೆಯ ಉದ್ದದಲ್ಲಿ ಅಡಗಿದ್ದ ಶಕ್ತಿ

1960ರ ಕ್ರೈಸ್ಲರ್ 300ಎಫ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಇಂಜಿನ್ ಅಲ್ಲ, ಅದರ ಮೇಲೆ ಅಡ್ಡಡ್ಡ ಹಾಯ್ದ ಉದ್ದನೆಯ ಕೊಳವೆಗಳು. ಎಡಗಡೆ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಬಲಗಡೆಯ ಸಿಲಿಂಡರ್‌ಗಳಿಗೆ ಗಾಳಿ, ಪೆಟ್ರೋಲ್ ಕಳಿಸುತ್ತದೆ. ಬಲಗಡೆಯದು ಎಡಗಡೆಗೆ. ಪಕ್ಕದಲ್ಲೇ ಸಿಲಿಂಡರ್ ಇರುವಾಗ ಇಷ್ಟು ದೂರ ಯಾಕೆ?

ಕ್ರೈಸ್ಲರ್‌ನ ಈ '300' ಸರಣಿ ಶುರುವಾಗಿದ್ದು 1955ರಲ್ಲಿ, ಸಿ-300 ಕಾರಿನಿಂದ. ಅದರ 5.4 ಲೀಟರ್ 'ಹೆಮಿ' (ಪೆಟ್ರೋಲ್ ಉರಿಯುವ ಕೋಣೆ ಅರ್ಧಗೋಳದಂತಿರುವ) ವಿ8 ಇಂಜಿನ್ನಿಗೆ 300 ಹಾರ್ಸ್‌ಪವರ್. ಹೆಸರು ಬಂದಿದ್ದೇ ಅದರಿಂದ. ಚರ್ಮದ ಸೀಟಿನ ಈ ದುಬಾರಿ ಕಾರು ಅದೇ ವರ್ಷ ಅಮೆರಿಕದ ನಾಸ್ಕಾರ್ ಕಾರ್ ರೇಸುಗಳನ್ನೂ ಗೆದ್ದಿತು. ಆಮೇಲೆ ವರ್ಷಕ್ಕೊಂದು ಅಕ್ಷರ ಸೇರುತ್ತಾ ಹೋಯಿತು, ಇಂಜಿನ್ನೂ ಬೆಳೆಯಿತು. 1959ರ 300ಇ ಹೊತ್ತಿಗೆ ಹೆಮಿ ಹೋಗಿ 6.8 ಲೀಟರಿನ 'ವೆಡ್ಜ್' (ಆ ಕೋಣೆ ಬೆಣೆಯಾಕಾರದ್ದು) ಬಂದಿತ್ತು.

300ಎಫ್‌ನಲ್ಲೂ ಅದೇ ಅಳತೆಯ ಇಂಜಿನ್. ಹಾರ್ಸ್‌ಪವರ್ 380ರಿಂದ 375ಕ್ಕೆ ಇಳಿದಿದೆ. ಆದರೆ ಚಕ್ರ ತಿರುಗಿಸುವ ಬಲ, ಅಂದರೆ ಟಾರ್ಕ್, ಶೇಕಡ 10ರಷ್ಟು ಏರಿದೆ. ಅದೂ ನಿಮಿಷಕ್ಕೆ ಬರೀ 2,800 ಸುತ್ತಿನಲ್ಲಿ! ನನ್ನ ಪ್ರಕಾರ ಇಡೀ ಸರಣಿಯ ಅತ್ಯಂತ ಸುಂದರ ಎಂಜಿನಿಯರಿಂಗ್ ಇದೇ.

ಗುಟ್ಟು ಇರುವುದು ಶಬ್ದದ ವೇಗದಲ್ಲಿ. ಪಿಸ್ಟನ್ ರಭಸದಿಂದ ಕೆಳಗಿಳಿದಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿತ ಒಂದು ಅಲೆಯಾಗಿ ಶಬ್ದದ ವೇಗದಲ್ಲಿ ಕೊಳವೆಯ ತೆರೆದ ತುದಿಗೆ ಓಡಿ, ಅಲ್ಲಿಂದ ಹೆಚ್ಚಿನ ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ಕೊಳವೆ ಸುಮಾರು 76 ಸೆಂಟಿಮೀಟರ್ ಉದ್ದ. ಹೋಗಿ ಬರಲು ಹತ್ತಿರಹತ್ತಿರ 4.5 ಮಿಲಿಸೆಕೆಂಡ್ ಬೇಕು. 2,800ರ ವೇಗದಲ್ಲಿ ಒಂದು ಸುತ್ತಿಗೆ 21 ಮಿಲಿಸೆಕೆಂಡ್. ಅಂದರೆ ಕಾಲು ಸುತ್ತು ಮುಗಿಯುವುದರೊಳಗೆ ಅಲೆ ಮರಳಿರುತ್ತದೆ. ಪಿಸ್ಟನ್ ತಳ ಮುಟ್ಟುವ ಹೊತ್ತು ಅದು, ಗಾಳಿಯನ್ನು ಒಳಬಿಡುವ ವಾಲ್ವ್ ಇನ್ನೂ ಮುಚ್ಚಿರುವುದಿಲ್ಲ. ಬಂದ ಅಲೆ ಇನ್ನಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ. ಬೇರೆ ಪಂಪ್ ಬೇಡ, ಬೆಲ್ಟ್ ಬೇಡ.

ಐಷಾರಾಮಿ ಕಾರಿಗೆ ಬೇಕಾದ್ದೂ ಇದೇ ಅಲ್ವಾ? ಇಂಜಿನ್ ಕಿರುಚಬಾರದು, ಪೆಡಲ್ ಒತ್ತಿದ ಕೂಡಲೇ ಕಾರು ಮಾತ್ರ ಮುನ್ನುಗ್ಗಬೇಕು.

ಇಂಜಿನ್ ತಿರುಗುವ ವೇಗ ಜಾಸ್ತಿಯಾದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅಲೆ ಬರುವಷ್ಟರಲ್ಲಿ ವಾಲ್ವ್ ಮುಚ್ಚಿಬಿಟ್ಟಿರುತ್ತದೆ. ಅದಕ್ಕೇ 300ಎಫ್‌ನ 400 ಹಾರ್ಸ್‌ಪವರಿನ ವಿಶೇಷ ಮಾದರಿಯಲ್ಲಿ ಕೊಳವೆಗಳ ನಡುವಿನ ಗೋಡೆಯನ್ನು ಒಳಗೆ ಅರ್ಧದವರೆಗೆ ತೆಗೆದಿದ್ದರು. ಹೊರಗಿನಿಂದ ನೋಡಿದರೆ ಅಷ್ಟೇ ಉದ್ದ, ಅಲೆಗೆ ಮಾತ್ರ ಅರ್ಧ ದಾರಿ. ಆಗ ಕೊಳ್ಳುವವರು ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ ಓಡುವಾಗಲೇ ಒಂದು ಮುಚ್ಚಳ ತೆರೆದು ದಾರಿಯನ್ನು ಗಿಡ್ಡ ಮಾಡುತ್ತದೆ.