ಕೋಡ್ ಬಂತು ಅಂತ ಸೆನ್ಸರ್ ಬಿಚ್ಚಬೇಡಿ

ಹಳೇ ಪೆಟ್ರೋಲ್ ಕಾರಿನವರು ಎಷ್ಟೋ ಜನ ನಮ್ಮ ಗ್ಯಾರೇಜಿಗೆ ಬರುವಾಗಲೇ ಹೊಸ ಆಕ್ಸಿಜನ್ ಸೆನ್ಸರ್ ತಂದಿರುತ್ತಾರೆ. ಎಂಜಿನ್ ಲೈಟ್ ಹತ್ತಿದೆ, ಯಾರೋ ಸ್ಕ್ಯಾನರ್ ಹಾಕಿ ಪಿ0171 ಅನ್ನುವ ದೋಷದ ಕೋಡ್ ನೋಡಿದ್ದಾರೆ, ಸೆನ್ಸರ್ ಹೋಗಿದೆ ಅಂದಿದ್ದಾರೆ. ಆ ಕೋಡ್ ಹಾಗೆ ಹೇಳುವುದೇ ಇಲ್ಲ ಸ್ವಾಮಿ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅನ್ನುತ್ತದೆ, ಅಷ್ಟೇ.

ಸೆನ್ಸರಿಗೆ ಪೆಟ್ರೋಲ್ ಗೊತ್ತಾಗುವುದಿಲ್ಲ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಮಾತ್ರ ಗೊತ್ತಾಗುತ್ತದೆ. ಆ ಆಕ್ಸಿಜನ್ ಎಲ್ಲಿಂದ ಬಂತು ಅನ್ನುವುದೂ ಅದಕ್ಕೆ ತಿಳಿಯದು. ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟು ಒಳಗೆ ಗಾಳಿ ಎಳೆದರೂ ಜಾಸ್ತಿ ತೋರಿಸುತ್ತದೆ. ಒಂದು ಪ್ಲಗ್ ಮಿಸ್ ಹೊಡೆದರೆ ಉರಿಯದ ಗಾಳಿ ಹಾಗೇ ಆಚೆ ಬರುತ್ತದೆ, ಆಗಲೂ ಜಾಸ್ತಿ. ಸೆನ್ಸರಿಗಿಂತ ಮುಂಚೆ ಹೊಗೆ ಪೈಪಿನಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ನುಗ್ಗುತ್ತದೆ, ಆಗಲೂ ಅದೇ ಕಥೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದೂ ಇದನ್ನೇ ಹೇಳಬೇಕಲ್ವಾ?

ಮಂಡ್ಯ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಬಂದಿದ್ದರು. ಬೇರೆ ಕಡೆ ಆಗಲೇ ಸೆನ್ಸರ್ ಬದಲಾಯಿಸಿದ್ದರು. "ಹೊಸದು ಹಾಕ್ಸಿದ್ರೂ ಲೈಟ್ ಹೋಗ್ಲಿಲ್ಲ ಕಣಪ್ಪ, ಇನ್ನೊಂದು ಹಾಕ್ಬುಡು" ಅಂದರು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಅರೆಕ್ಷಣ ಒತ್ತಿದೆ. ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು, ಅಂದರೆ ಹೊಗೆ ಅಲ್ಲೇ ಲೀಕ್. ಎಂಜಿನ್ನಿಗೂ ಹೊಗೆ ಹೋಗುವ ಮ್ಯಾನಿಫೋಲ್ಡ್ ಪೈಪಿಗೂ ನಡುವಿನ ಗ್ಯಾಸ್ಕೆಟ್ ಅಂಚಿನಲ್ಲಿ ಬೆರಳಗಲದ ಕಪ್ಪು ಮಸಿ. ಗ್ಯಾಸ್ಕೆಟ್ ಹಾಕಿ, ಕೋಡ್ ಅಳಿಸಿದೆ, ಮುಗಿಯಿತು. ಮೇಷ್ಟ್ರಿಗೆ ಖುಷಿಗಿಂತ ಸಿಟ್ಟೇ ಜಾಸ್ತಿ. ಸೆನ್ಸರ್ ಕೊಟ್ಟ ಅಂಗಡಿಯವನು ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳ್ಳಲ್ಲ ಅಂದಿದ್ದನಂತೆ.

ಹಾಗಂತ ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ. ಗಾಡಿ ನೋಡದೆ ನಾನೂ ಖಚಿತವಾಗಿ ಹೇಳಲಾರೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಎಂಜಿನ್ನಿಗೆ ಹತ್ತಿರದ ಸೆನ್ಸರಿನ ವೋಲ್ಟೇಜ್ ನೋಡಿ. ಹಳೇ ಗಾಡಿಗಳ ಮಾಮೂಲಿ ಸೆನ್ಸರ್ ಆದರೆ 0.1ರಿಂದ 0.9 ವೋಲ್ಟ್‌ವರೆಗೆ ಬಿಡದೆ ಮೇಲೆ ಕೆಳಗೆ ಕುಣಿಯುತ್ತಿರಬೇಕು. ಕೆಳಗೇ ಕೂತಿದ್ದರೆ, ಅಂದರೆ ಆಕ್ಸಿಜನ್ ಜಾಸ್ತಿ ಅನ್ನುತ್ತಿದ್ದರೆ, ಏರ್ ಫಿಲ್ಟರ್ ಬಾಕ್ಸಿನ ದಾರಿಯಲ್ಲಿ ಸ್ವಲ್ಪ ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ, ಪೆಟ್ರೋಲಿನಂತೆ ಉರಿಯುತ್ತದೆ) ಬಿಡಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳಬಾರದು, ಬೆಂಕಿ ಹತ್ತೀತು. ವೋಲ್ಟೇಜ್ ತಟ್ಟನೆ ಏರಿದರೆ ಸೆನ್ಸರ್ ಜೀವಂತ ಇದೆ, ಲೀಕ್ ಹುಡುಕಿ. ಅಲ್ಲಾಡದಿದ್ದರೆ ವೈರ್, ಕನೆಕ್ಟರ್ ನೋಡಿ, ಆಮೇಲೆ ಬದಲಾಯಿಸಿ.

ಪಿ0135 ಬಂದರೆ ಮಾತ್ರ ವಿಷಯ ಬೇರೆ. ಅದು ಸೆನ್ಸರ್ ಒಳಗಿನ ಹೀಟರ್ ಕೋಡ್. ಆಗಲೂ ಮೊದಲು ಫ್ಯೂಸ್ ನೋಡಿ. ಹೀಟರಿನ ಎರಡು ವೈರ್‌ಗೆ ಓಮ್ ಮೀಟರ್ ಇಡಬಹುದು, ಸಿಗ್ನಲ್ ವೈರಿಗೆ ಮಾತ್ರ ಬೇಡ. ಇರೋ ಒಳ್ಳೇ ಸೆನ್ಸರೂ ಸುಮ್ನೆ ಹಾಳಾಗಬಹುದು.