ಸಂಸ್ಕೃತಕ್ಕೆ ಸಿಗದ ಊರು: ಮುವಂಗ್

ಥಾಯ್ಲೆಂಡಿನ ಊರುಗಳ ಹೆಸರೆಲ್ಲ ಸಂಸ್ಕೃತದ್ದೇ ಎನ್ನುವ ವಾಟ್ಸಾಪ್ ಸಂದೇಶ ಸಾಯುವುದೇ ಇಲ್ಲ. ಅರ್ಧ ನಿಜ: ಕಾಂಚನಬುರಿಯ ಬುರಿ ನಮ್ಮ ಪುರಿ, ನಖೋನ್ ನಮ್ಮ ನಗರ, ಅಯುತ್ಥಯಾ ಅಯೋಧ್ಯೆ. ಆದರೆ ಊರಿಗೆ ಅಲ್ಲಿಯವರ ಸ್ವಂತ ಪದ 'ಮುವಂಗ್'. ಅದಕ್ಕೂ ಸಂಸ್ಕೃತಕ್ಕೂ ಸುತರಾಂ ಸಂಬಂಧವಿಲ್ಲ. (ಈ 'ಮು' ಬರೀ ಅಂದಾಜು. ತುಟಿ ದುಂಡಗಾಗಿಸದೆ 'ಉ' ಅನ್ನಬೇಕು. ಪದದ ಕೊನೆಯಲ್ಲಿ ಅಂಥ ಸ್ವರ ನುಡಿಯುವ ತುಳುವರಿಗೆ ಸಲೀಸು.)

ಲಾವೋದಲ್ಲಿ ಇದೇ ಪದವಿದೆ, ಮ್ಯಾನ್ಮಾರಿನ ಶಾನರಲ್ಲಿ 'ಮೊಂಗ್', ಚೀನಾದ ಯುನ್ನಾನಿನಲ್ಲಿ 'ಮೆಂಗ್'. 1228ರಲ್ಲಿ ಅಹೋಮರ ಮೊದಲ ದೊರೆ ಸುಕಾಫಾ ಪಟ್ಕಾಯ್ ಬೆಟ್ಟ ದಾಟಿ ಅಸ್ಸಾಮಿಗೆ ಇಳಿದಾಗ ಅಹೋಮರ ಬಾಯಲ್ಲಿ ಅದು 'ಮುಂಗ್' ಆಗಿ ಬಂತು. ಅರ್ಥವೂ ಊರಿಗೇ ನಿಲ್ಲುವುದಿಲ್ಲ: 'ಮುವಂಗ್ ಥಾಯ್' ಎಂದರೆ ಇಡೀ ದೇಶ, 'ಮುವಂಗ್ ನೋಕ್' ಎಂದರೆ ಫಾರಿನ್. ಹಿಂದೆ ಒಬ್ಬ ಒಡೆಯ, ಅವನ ಪಟ್ಟಣ, ಸುತ್ತಲ ಗದ್ದೆಹಳ್ಳಿಗಳು ಸೇರಿ ಒಂದು ಮುವಂಗ್. ಗಡಿಗೆರೆ ಎಂಬುದಿರಲಿಲ್ಲ. ಚಿಕ್ಕ ಮುವಂಗ್ ದೊಡ್ಡದಕ್ಕೆ ಚಿನ್ನ-ಬೆಳ್ಳಿಯ ಗಿಡ ಮಾಡಿಸಿ ಕಪ್ಪ ಕಳಿಸುತ್ತಿತ್ತು. ಒಮ್ಮೊಮ್ಮೆ ಏಕಕಾಲಕ್ಕೆ ಇಬ್ಬರು ದೊರೆಗಳಿಗೆ! ನಕ್ಷೆ ಹಿಡಿದು ಬಂದ ಯುರೋಪಿಯನ್ನರಿಗೆ ಇದು ತಲೆನೋವಾಗದೆ ಇದ್ದೀತೆ?

ಇನ್ನೊಂದು ಆಕರ್ಷಕ ವಾದ: ಮುವಂಗ್ ಹುಟ್ಟಿದ್ದು ಕಾಲುವೆಯಿಂದ. ಉತ್ತರ ಥಾಯ್ಲೆಂಡಿನ ರೈತರು ಹೊಳೆಗೆ ಅಡ್ಡಲಾಗಿ ಬಿದಿರು, ಮರದ ಗೂಟ ನೆಟ್ಟು ಒಡ್ಡು ಕಟ್ಟುತ್ತಿದ್ದರು, ಅದು 'ಫಾಯ್'. ಅಲ್ಲಿಂದ ಗದ್ದೆಗೆ ನೀರು ಒಯ್ಯುವ ಕಾಲುವೆಯ ಹೆಸರು ಕಿವಿಗೆ ಹೆಚ್ಚುಕಮ್ಮಿ ಮುವಂಗ್ ಎಂದೇ ಕೇಳಿಸುತ್ತದೆ. ನೀರಿದ್ದಲ್ಲಿ ಊರು, ಸರಿಯಲ್ಲವೇ?

ಅಷ್ಟು ಸುಲಭವಲ್ಲ. ಥಾಯ್‌ನಲ್ಲಿ ದನಿಯ ಏರಿಳಿತ ಬದಲಾದರೆ ಪದವೇ ಬೇರೆ: ಊರಿನ ಮುವಂಗ್ ಸಮಸ್ವರದಲ್ಲಿ ಸಾಗುತ್ತದೆ, ಕಾಲುವೆಯದ್ದು ಕೊನೆಗೆ ಏರುತ್ತದೆ. ಪ್ರಾಚೀನ ಥಾಯ್‌ನಲ್ಲಿ ಮೊದಲನೆಯದು ಬರೀ 'ಮ', ಎರಡನೆಯದು ಉಸಿರು ಬೆರೆತ 'ಹ್ಮ'. ಕಾಲಕ್ರಮೇಣ ಉಸಿರು ಸವೆದು ಎರಡೂ 'ಮ' ಆದವು, ಅವುಗಳ ಏರಿಳಿತ ಮಾತ್ರ ಬೇರೆಯಾಗಿಯೇ ಉಳಿಯಿತು. ಹಸಿ ಸಿಮೆಂಟು ತುಳಿದ ನಾಯಿ ಹೋದರೂ ಹೆಜ್ಜೆ ಉಳಿದಂತೆ. ಥಾಯ್ ಬರವಣಿಗೆಯಲ್ಲಂತೂ ಕಾಲುವೆಯ ಪದಕ್ಕೆ ಇವತ್ತಿಗೂ ಉಚ್ಚರಿಸದ 'ಹ' ಇದೆ. ಮೊದಲ ವ್ಯಂಜನವೇ ಬೇರೆಯಾದ ಎರಡು ಪದಗಳಿಗೆ ಬರೀ ಅರ್ಥ ಹೊಂದುತ್ತದೆಂದು ನಂಟು ಕಟ್ಟಲಾಗದು. 'ಹ' ಎಲ್ಲಿಂದ ಬಂತೆಂದು ವಾದಿಸುವವರೇ ತೋರಿಸಬೇಕು. ಅಂದಹಾಗೆ ಆ ಕಾಲುವೆ ಪದಕ್ಕೆ ಇವತ್ತು ಬ್ಯಾಂಕಾಕಿನಲ್ಲಿ ಮೊದಲು ಹೊಳೆಯುವ ಅರ್ಥ ಗಣಿ.